ಕಟ್ಟು ಹಾಕಿಸುವ ಮುನ್ನ: ಚೌಕಟ್ಟು ಚಿತ್ರವನ್ನು ಹೇಗೆ ತೋರಿಸುತ್ತದೆ

ಕೊಡಗಿನ ಎಷ್ಟೋ ಮನೆಗಳ ನಡುಮನೆಯಲ್ಲಿ ಮೂರು ಬಗೆಯ ಪಟಗಳು ಕಾಣಸಿಗುತ್ತವೆ. ಕುಪ್ಯ (ಕಪ್ಪು ನಿಲುವಂಗಿ) ತೊಟ್ಟು, ಚೇಲೆ (ನಡುಪಟ್ಟಿ) ಬಿಗಿದು, ಪೀಚೆಕತ್ತಿ (ಸಣ್ಣ ಒರೆಗತ್ತಿ) ಸಿಕ್ಕಿಸಿ ನಿಂತ ಹಿರಿಯರ ಕಪ್ಪು-ಬಿಳುಪು ಭಾವಚಿತ್ರ ಒಂದು. ಕಾವೇರಮ್ಮನ ಪಟ ಇನ್ನೊಂದು. ಮನೆಯವರೇ ಬರೆದದ್ದೋ ಉಡುಗೊರೆಯಾಗಿ ಬಂದದ್ದೋ ಆದ ಜಲವರ್ಣದ ನಿಸರ್ಗಚಿತ್ರ ಮೂರನೆಯದು. ಈ ಮೂರಕ್ಕೂ ಪೇಟೆಯ ಅಂಗಡಿಯಲ್ಲಿ ಒಂದೇ ಬಗೆಯ, ಎರಡು ಇಂಚು ಅಗಲದ, ಹೊಳೆಯುವ ಚಿನ್ನದ ಬಣ್ಣದ ಫೈಬರ್ ಪಟ್ಟಿಯ ಕಟ್ಟು ಹಾಕಿಸಿರುವುದೇ ಹೆಚ್ಚು. ದೇವರ ಪಟಕ್ಕೆ ಅದು ಒಪ್ಪುತ್ತದೆ. ಹಿರಿಯರ ಭಾವಚಿತ್ರಕ್ಕೆ ಅರೆಬರೆ ಒಪ್ಪುತ್ತದೆ. ಜಲವರ್ಣದ ಚಿತ್ರವನ್ನು ಮಾತ್ರ ಅದು ನುಂಗಿಯೇ ಹಾಕುತ್ತದೆ. ಬಂದವರ ಕಣ್ಣು ಮೊದಲು ಪಟ್ಟಿಯ ಹೊಳಪಿಗೆ ಹೋಗಿ, ಅಲ್ಲಿಂದ ಗಾಜಿನ ಮೇಲಿನ ಕಿಟಕಿಯ ಪ್ರತಿಬಿಂಬಕ್ಕೆ ಹಾರಿ, ಚಿತ್ರವನ್ನು ತಲುಪುವ ಹೊತ್ತಿಗೆ ದಣಿದಿರುತ್ತದೆ.

ಚೌಕಟ್ಟು ಮಾಡುವ ಕೆಲಸಗಳು ಮುಖ್ಯವಾಗಿ ಮೂರು. ನೋಟ ಎಲ್ಲಿ ನಿಲ್ಲಬೇಕೆಂದು ಅದು ಗೆರೆ ಎಳೆಯುತ್ತದೆ. ಚಿತ್ರದ ಬಣ್ಣಗಳ ಪಕ್ಕದಲ್ಲಿ ಯಾವ ಬಣ್ಣ, ಯಾವ ಹೊಳಪು ಕೂರಬೇಕೆಂದು ನಿರ್ಧರಿಸುತ್ತದೆ. ಎದುರಿಗಿರುವುದು ಪೂಜಿಸುವ ವಸ್ತುವೇ, ಗೌರವಿಸುವ ವ್ಯಕ್ತಿಯೇ, ಸುಮ್ಮನೆ ನಿಂತು ನೋಡಬೇಕಾದ ಚಿತ್ರವೇ ಎಂಬುದನ್ನು ಮೊದಲೇ ಹೇಳಿಬಿಡುತ್ತದೆ. ನಮ್ಮಲ್ಲಿ ಈ ಮೂರನೆಯ ಕೆಲಸವೇ ಉಳಿದೆರಡನ್ನೂ ಬದಿಗೊತ್ತಿದೆ ಎಂಬುದು ನನ್ನ ಅಭಿಪ್ರಾಯ. ಮರ್ಯಾದೆ ಎಂದರೆ ಚಿನ್ನದ ಪಟ್ಟಿ ಎಂದಾದಮೇಲೆ ಚಿತ್ರಕ್ಕೆ ಏನು ಬೇಕೆಂದು ಕೇಳುವವರಿಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಮಾಡಿಕೊಳ್ಳಬೇಕಾದ ಪರೀಕ್ಷೆಯಿಂದ ಆರಂಭಿಸುವುದು ಒಳ್ಳೆಯದು.

ಎರಡು ರಟ್ಟಿನ ಪರೀಕ್ಷೆ

ಒಂದು ಮಗ್ಗುಲು ಬಿಳಿ, ಇನ್ನೊಂದು ಮಗ್ಗುಲು ಕಪ್ಪು ಇರುವ ದಪ್ಪ ರಟ್ಟಿನಿಂದ ಕಾಟಕೋನದ, ಅಂದರೆ ಇಂಗ್ಲಿಷಿನ L ಅಕ್ಷರದ ಆಕಾರದ, ಎರಡು ತುಂಡುಗಳನ್ನು ಕತ್ತರಿಸಿಕೊಳ್ಳಿ. ತೋಳುಗಳ ಅಗಲ 8 ಸೆಂಟಿಮೀಟರ್, ಉದ್ದ 50 ಸೆಂಟಿಮೀಟರ್ ಇದ್ದರೆ ಮನೆಯಲ್ಲಿರುವ ಹೆಚ್ಚಿನ ಚಿತ್ರಗಳಿಗೆ ಸಾಕು. ಚಿತ್ರವನ್ನು ಮೇಜಿನ ಮೇಲಿಟ್ಟು, ಎರಡು ತುಂಡುಗಳನ್ನು ಎದುರುಬದುರು ಮೂಲೆಗಳಿಂದ ಜೋಡಿಸಿದರೆ ಬೇಕಾದಂತೆ ಹಿಗ್ಗಿಸಿ ಕುಗ್ಗಿಸಬಹುದಾದ ಚೌಕಟ್ಟೊಂದು ಸಿದ್ಧವಾಗುತ್ತದೆ. ಮೊದಲು ಬಿಳಿಯ ಮಗ್ಗುಲು ಮೇಲಿರಲಿ, ಆಮೇಲೆ ಕಪ್ಪು. ನಂತರ ಮನೆಯಲ್ಲಿ ಸಿಗುವ ಬೂದು, ಕಂದು, ಕೆನೆಬಣ್ಣದ ಕಾಗದಗಳನ್ನು ರಟ್ಟಿನ ಮೇಲೆ ಹೊದಿಸಿ ನೋಡಿ. ಪ್ರತಿ ಸಲವೂ ಎರಡು ಮಾರು ಹಿಂದೆ ಸರಿದು ನಿಂತು ನೋಡುವುದು ಮುಖ್ಯ, ಏಕೆಂದರೆ ಗೋಡೆಯ ಮೇಲಿನ ಚಿತ್ರವನ್ನು ಯಾರೂ ಮೂಗಿಗೆ ಹಿಡಿದು ನೋಡುವುದಿಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಕಾಫಿ ತೋಟದ ಮೇಲೆ ಬೆಳಗಿನ ಮಂಜು ಇಳಿದಿರುವ ಜಲವರ್ಣ ಚಿತ್ರ ಎಂದಿಟ್ಟುಕೊಳ್ಳಿ. ಕೆಳಗೆ ಕಾಫಿ ಗಿಡಗಳ ಕಡುಹಸಿರು, ನಡುವೆ ಸಿಲ್ವರ್ ಮರಗಳ ಬೂದು ಕಾಂಡಗಳು, ಮೇಲೆ ಮಂಜು. ಜಲವರ್ಣದಲ್ಲಿ ಮಂಜಿಗೆ ಬಿಳಿ ಬಣ್ಣ ಹಚ್ಚಿರುವುದಿಲ್ಲ. ಕಾಗದವನ್ನೇ ಖಾಲಿ ಬಿಟ್ಟು, ಅದರ ಮೇಲೆ ತೀರ ತೆಳುವಾದ ನೀಲಿಬೂದು ಬಣ್ಣವನ್ನು ಹರಿಸಿರುತ್ತಾರೆ. ಈ ಚಿತ್ರದ ಸುತ್ತ ಹಾಲುಬಿಳಿಯ ರಟ್ಟನ್ನು ಇಟ್ಟ ಕ್ಷಣವೇ ಮಂಜು ಕೊಳೆಯಾಗಿ, ತೊಳೆಯದ ಬಟ್ಟೆಯ ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ. ಅದೇ ಜಾಗದಲ್ಲಿ ಕಾಗದಕ್ಕಿಂತ ಒಂದು ಪಟ್ಟು ಗಾಢವಾದ ಕೆನೆ ಅಥವಾ ತಿಳಿಬೂದು ರಟ್ಟನ್ನಿಟ್ಟರೆ ಮಂಜು ಬೆಳಗತೊಡಗುತ್ತದೆ. ಚಿತ್ರದಲ್ಲಿ ಒಂದು ಚುಕ್ಕೆಯೂ ಬದಲಾಗಿಲ್ಲ, ಬದಲಾದದ್ದು ನೆರೆಬಣ್ಣ ಮಾತ್ರ. ಪ್ಯಾರಿಸ್ಸಿನ ಗೊಬೆಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ರಸಾಯನವಿಜ್ಞಾನಿ ಶೆವ್ರೊಲ್, ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಹೇಗೆ ತಿದ್ದುತ್ತವೆ ಎಂಬುದನ್ನು 1839ರಷ್ಟು ಹಿಂದೆಯೇ ವಿಸ್ತಾರವಾಗಿ ಬರೆದು ಪ್ರಕಟಿಸಿದ್ದ; ಚಿತ್ರಗಳ ಚೌಕಟ್ಟಿನ ಬಣ್ಣವನ್ನೂ ಅವನು ಆ ಲೆಕ್ಕಕ್ಕೆ ಸೇರಿಸಿದ್ದ. ಇದರಿಂದ ಹೊರಡುವ ನಿಯಮ ಸರಳವಾದದ್ದು: ಮೌಂಟು, ಅಂದರೆ ಚಿತ್ರದ ಸುತ್ತ ಪಟ್ಟಿಯೊಳಗೆ ಕೂರುವ ರಟ್ಟು, ಚಿತ್ರದ ಅತ್ಯಂತ ಬಿಳಿಯ ಭಾಗಕ್ಕಿಂತ ಬಿಳಿಯಾಗಿರಬಾರದು, ಪಟ್ಟಿಯು ಚಿತ್ರದ ಅತ್ಯಂತ ಹೊಳೆಯುವ ಭಾಗಕ್ಕಿಂತ ಹೊಳೆಯಬಾರದು. ಕಣ್ಣಿಗೆ ಅನುಮಾನವಾದರೆ, ರಟ್ಟು ಇಟ್ಟಂತೆಯೇ ಮೊಬೈಲಿನಲ್ಲಿ ಫೋಟೊ ತೆಗೆದು ಅದನ್ನು ಕಪ್ಪು-ಬಿಳುಪಿಗೆ ಬದಲಾಯಿಸಿ ನೋಡಿ. ಯಾವುದು ಯಾವುದನ್ನು ಮೀರಿ ನಿಂತಿದೆ ಎಂಬುದು ಆಗ ಮರೆಮಾಚದೆ ಕಾಣುತ್ತದೆ.

ಇದೇ ರಟ್ಟುಗಳಿಂದ ಅಂಚನ್ನೂ ಪರೀಕ್ಷಿಸಬೇಕು. ಚಿತ್ರದ ಎಡತುದಿಯಲ್ಲಿ ಅರ್ಧ ಕಾಣುವ ಮರವೊಂದಿದೆ ಎನ್ನಿ. ಅದನ್ನು ಮೌಂಟಿನಡಿ ಮುಚ್ಚಿದರೆ ಬಯಲು ಅಲ್ಲಿಗೇ ಮುಗಿದಂತೆ ತೋರುತ್ತದೆ, ಬಿಟ್ಟರೆ ಚೌಕಟ್ಟಿನ ಆಚೆಗೂ ತೋಟ ಇದೆ ಎಂಬ ಭಾವನೆ ಬರುತ್ತದೆ. ಯಾವುದು ಬೇಕೆಂಬುದನ್ನು ಚಿತ್ರ ಬರೆದವರು ಇದ್ದರೆ ಅವರನ್ನೇ ಕೇಳುವುದು ಲೇಸು. ಸಹಿಯನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬಾರದು.

ಚಿನ್ನ, ಕಪ್ಪು, ಬಿಳಿ

ಪಟ್ಟಿಯ ಬಣ್ಣಗಳಿಗೆ ಒಂದೊಂದಕ್ಕೂ ಹಿನ್ನೆಲೆಯಿದೆ, ಅದು ತಿಳಿದರೆ ಆಯ್ಕೆ ಸುಲಭವಾಗುತ್ತದೆ. ಇಟಲಿಯ ಕಲಾಚಿಂತಕ ಆಲ್ಬೆರ್ಟಿ 1435ರ ಸುಮಾರಿಗೆ ಚಿತ್ರವನ್ನು ತೆರೆದ ಕಿಟಕಿಯಂತೆ ಭಾವಿಸಿ ಬರೆದ. ಅಲ್ಲಿಂದ ಮುಂದೆ ಯುರೋಪಿನಲ್ಲಿ ಚೌಕಟ್ಟು ಕಿಟಕಿಯ ದಾರಂದದ ಸ್ಥಾನ ಪಡೆಯಿತು. ಒಳಕ್ಕೆ ಇಳಿಜಾರಾಗಿರುವ ಆಳವಾದ ಪಟ್ಟಿ ಇಂದಿಗೂ ಅದೇ ಕೆಲಸವನ್ನು ಮಾಡುತ್ತದೆ. ದೂರದ ಬೆಟ್ಟ, ಕಣಿವೆ, ರಸ್ತೆ ಇರುವ ಚಿತ್ರಕ್ಕೆ ಅದು ಆಳವನ್ನು ಹೆಚ್ಚಿಸುತ್ತದೆ. ಚಿನ್ನದ ಹಾಳೆ ಹೊದಿಸಿದ ಚೌಕಟ್ಟುಗಳು ಮೇಣದಬತ್ತಿ, ಎಣ್ಣೆದೀಪಗಳ ಕಾಲಕ್ಕೆ ಸಲ್ಲುವಂಥವು. ಮಂದವಾದ, ಅಲುಗುವ ಬೆಳಕನ್ನು ಅವು ಹಿಡಿದು ಚಿತ್ರದ ಕಡೆಗೆ ತಿರುಗಿಸುತ್ತಿದ್ದವು. ಐನ್‌ಮನೆಯ ನಡುಬಾಡೆಯಲ್ಲಿ, ಅಂದರೆ ಮನೆತನದ ಮೂಲಮನೆಯ ನಡುಕೋಣೆಯಲ್ಲಿ, ತೂಗುದೀಪದ ಬಳಿ ಇರುವ ಪಟಕ್ಕೆ ಚಿನ್ನದ ಬಣ್ಣ ಚೆನ್ನಾಗಿ ಕಾಣುವುದೂ ಇದೇ ಕಾರಣದಿಂದ. ಆದರೆ ಎಲ್‌ಇಡಿ ಟ್ಯೂಬಿನ ಬಿಳಿ ಬೆಳಕಿನಲ್ಲಿ ಚಿನ್ನದ ಬಣ್ಣದ ಪ್ಲಾಸ್ಟಿಕ್ ಪಟ್ಟಿಗೆ ಆ ಗುಣವಿಲ್ಲ. ಅದು ಬೆಳಕನ್ನು ನೋಡುವವರ ಕಣ್ಣಿಗೇ ಎಸೆಯುತ್ತದೆ.

ಹದಿನೇಳನೆಯ ಶತಮಾನದ ಡಚ್ಚರು ಕರಿಮರದ, ಅಥವಾ ಕರಿಮರದಂತೆ ಕಪ್ಪು ಬಳಿದ, ಸಣ್ಣ ಅಲೆಯಂತಹ ಗೀರುಗಳಿದ್ದ ಚೌಕಟ್ಟುಗಳನ್ನು ಬಳಸಿದರು. ಕಪ್ಪು ಪಟ್ಟಿಯೊಳಗೆ ಬೆಳಕಿನ ಭಾಗಗಳು ಎದ್ದು ಕಾಣುತ್ತವೆ ಎಂಬುದನ್ನು ಅವು ತೋರಿಸಿಕೊಡುತ್ತವೆ. ಫ್ರಾನ್ಸಿನಲ್ಲಿ ಅಧಿಕೃತ ಪ್ರದರ್ಶನಗಳ ಚಿನ್ನದ ಚೌಕಟ್ಟಿನ ರೂಢಿಗೆ ವಿರುದ್ಧವಾಗಿ ಚಿತ್ರಕಾರರಾದ ಡೆಗಾ, ಪಿಸ್ಸಾರೊ 1870ರ ದಶಕದ ಕೊನೆಯ ವೇಳೆಗೆ ಬಿಳಿಯ ಮತ್ತು ಬಣ್ಣದ ಚೌಕಟ್ಟುಗಳನ್ನು ಪ್ರಯೋಗಿಸಿದರು. ಸೆರಾ ತನ್ನ ಚಿತ್ರಗಳ ಸುತ್ತ ಬಣ್ಣದ ಚುಕ್ಕೆಗಳ ಅಂಚನ್ನೇ ಬರೆದ. ವ್ಯಾನ್ ಗೋ 1887ರಲ್ಲಿ ಹಣ್ಣುಗಳ ಚಿತ್ರವೊಂದರ ಹಳದಿಯನ್ನು ಚೌಕಟ್ಟಿನ ಮೇಲೂ ಮುಂದುವರಿಸಿದ್ದಾನೆ, ಅಲ್ಲಿ ಚಿತ್ರ ಎಲ್ಲಿ ಮುಗಿಯಿತೆಂದು ಹೇಳುವುದೇ ಕಷ್ಟ. ಮೋಂಡ್ರಿಯಾನ್ ಇದಕ್ಕೆ ತದ್ವಿರುದ್ಧ: ಕಿಟಕಿಯ ಕಲ್ಪನೆಯನ್ನೇ ಬಿಟ್ಟು, ಕ್ಯಾನ್‌ವಾಸನ್ನು ಚೌಕಟ್ಟಿಗಿಂತ ಮುಂದಕ್ಕೆ ತಂದು ನಿಲ್ಲಿಸಿದ. ಕೇವಲ ಗೆರೆ, ಬಣ್ಣಗಳ ಸಮತಟ್ಟಾದ ಆಧುನಿಕ ಚಿತ್ರವೊಂದು ನಿಮ್ಮಲ್ಲಿದ್ದರೆ ಅದಕ್ಕೆ ಒಳಕ್ಕಿಳಿಯುವ ಕೆತ್ತನೆಯ ಪಟ್ಟಿ ಬೇಡವೆನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ನಮ್ಮ ಕಡೆಯ ಪದ್ಧತಿ ಬೇರೆಯದು. ಮೊಘಲರ ಕಾಲದ ಚಿತ್ರಸಂಪುಟಗಳಲ್ಲಿ ಪ್ರತಿ ಚಿತ್ರದ ಸುತ್ತ ಹೂಬಳ್ಳಿಗಳ ಅಗಲವಾದ ಅಂಚನ್ನು ಕಾಗದದ ಮೇಲೆಯೇ ಬರೆಯುತ್ತಿದ್ದರು. ಅದನ್ನು ಹಾಶಿಯಾ ಎನ್ನುತ್ತಾರೆ. ಕಕ್ಕಬ್ಬೆಯ ಬಳಿ 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯ ಭಿತ್ತಿಚಿತ್ರಗಳಿಗೆ ಕಂಬ, ಬಾಗಿಲು, ಚಾವಣಿಗಳೇ ಎಲ್ಲೆ. ಗಾಜು ಹಾಕಿದ ಪಟ ಮನೆಮನೆಗೆ ಬಂದದ್ದು ಮುದ್ರಿತ ಚಿತ್ರಗಳ ಜೊತೆಗೆ, ಮುಖ್ಯವಾಗಿ ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ. ಆ ಪಟಗಳು ಹೆಚ್ಚಾಗಿ ದೇವರವು. ಹೂ, ಕುಂಕುಮ, ಊದುಬತ್ತಿಯ ಹೊಗೆ ಎಲ್ಲವನ್ನೂ ತಾಳಿಕೊಳ್ಳಬೇಕಾದ ಪಟಕ್ಕೆ ಗಟ್ಟಿ ಗಾಜು, ದಪ್ಪ ಪಟ್ಟಿ ಸಹಜವಾಗಿಯೇ ಬಂತು. ಅದೇ ಕಟ್ಟು ಬರಬರುತ್ತ ಎಲ್ಲ ಚಿತ್ರಗಳ ಮೈಮೇಲೂ ಬಂದು ಕೂತಿದೆ.

ಇನ್ನೊಂದು ಮಾತು ಇಲ್ಲಿಯೇ ಹೇಳಬೇಕು. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ 1852ರಲ್ಲಿ ಇಂಗ್ಲೆಂಡಿನಲ್ಲಿ, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು, ಕ್ರೈಸ್ತ ದೀಕ್ಷೆ ಪಡೆದಳು. ಆಸ್ಥಾನದ ಚಿತ್ರಕಾರ ವಿಂಟರ್‌ಹಾಲ್ಟರ್ ಆಕೆಯ ತೈಲಚಿತ್ರವನ್ನು ಬರೆದಿದ್ದಾನೆ. ಅದರ ಪ್ರತಿಯನ್ನು ಮುದ್ರಿಸಿಕೊಂಡು ಮನೆಯಲ್ಲಿ ತೂಗುಹಾಕಲು ಬಯಸುವವರು ಕೊಡಗಿನಲ್ಲಿ ಇರುವುದು ಸಹಜ. ಅಂಥ ಕಾಗದದ ಪ್ರತಿಗೆ ಅರಮನೆಯ ಚಿನ್ನದ ಚೌಕಟ್ಟಿನ ಅನುಕರಣೆ ಮಾಡಿಸಬೇಡಿ. ತೈಲಚಿತ್ರವಲ್ಲದ್ದನ್ನು ತೈಲಚಿತ್ರವೆಂದು ತೋರಿಸಹೊರಟ ಚೌಕಟ್ಟು ಎರಡನ್ನೂ ಅಗ್ಗವಾಗಿಸುತ್ತದೆ. ಪ್ರತಿಯನ್ನು ಪ್ರತಿಯೆಂದೇ ಒಪ್ಪಿಕೊಂಡು, ಅಗಲವಾದ ಮೌಂಟು ಕೊಟ್ಟು, ಕಿರಿದಾದ ಕಂದು ಮರದ ಪಟ್ಟಿಯಲ್ಲಿ ಕೂರಿಸಿದರೆ ಅದಕ್ಕೊಂದು ಗಾಂಭೀರ್ಯ ಬರುತ್ತದೆ.

ಮೌಂಟು ಮತ್ತು ಅಳತೆ

ಚಿತ್ರಕ್ಕೂ ಪಟ್ಟಿಗೂ ನಡುವೆ ಇರುವ ರಟ್ಟಿನ ಬಿಡುವೇ ಮೌಂಟು. ಇದರ ಖರ್ಚು ಉಳಿಸಲು ಹೊರಟವರು ಚಿತ್ರವನ್ನು ಎರಡು ಬಗೆಯಲ್ಲಿ ಕಳೆದುಕೊಳ್ಳುತ್ತಾರೆ: ಕಣ್ಣಿಗೆ ಉಸಿರಾಡುವ ಜಾಗ ಇರುವುದಿಲ್ಲ, ಕಾಗದಕ್ಕೂ ಇರುವುದಿಲ್ಲ. ಅಂಗಡಿಯಲ್ಲಿ ಆಮ್ಲರಹಿತ, ಅಂದರೆ ಆಸಿಡ್-ಫ್ರೀ ಮೌಂಟ್ ಬೋರ್ಡ್ ಎಂದೇ ಕೇಳಬೇಕು. ಸಾಧಾರಣ ರಟ್ಟಿನಲ್ಲಿರುವ ಆಮ್ಲ ಕೆಲವೇ ವರ್ಷಗಳಲ್ಲಿ ಚಿತ್ರದ ಅಂಚಿನುದ್ದಕ್ಕೂ ಕಂದು ಗೆರೆ ಮೂಡಿಸುತ್ತದೆ. ಬೋರ್ಡಿನ ದಪ್ಪ ಸಾಮಾನ್ಯವಾಗಿ ಸುಮಾರು ಒಂದೂವರೆ ಮಿಲಿಮೀಟರ್. ಕಿಂಡಿಯ ಅಂಚನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿದಾಗ ಒಳಗಿನ ಬಿಳಿ ತಿರುಳು ತೆಳುಗೆರೆಯಾಗಿ ಕಾಣುತ್ತದೆ, ಅದೇ ಸಾಕಷ್ಟು ಅಲಂಕಾರ.

ಎಷ್ಟು ಅಗಲ ಬಿಡಬೇಕು? ಪಟ್ಟಿಯ ಅಗಲಕ್ಕೂ ಮೌಂಟಿನ ಅಗಲಕ್ಕೂ ಒಂದೇ ಅಳತೆ ಬೇಡ. ಎರಡೂ ಸಮವಾದರೆ ಕಣ್ಣು ಪಟ್ಟೆಗಳನ್ನು ಎಣಿಸುತ್ತ ಕೂರುತ್ತದೆ. ಪಟ್ಟಿ ಕಿರಿದು, ಮೌಂಟು ಅದರ ಎರಡರಷ್ಟಕ್ಕಿಂತ ಹೆಚ್ಚು ಅಗಲ ಇರುವುದು ಹೆಚ್ಚಿನ ಚಿತ್ರಗಳಿಗೆ ಹೊಂದುತ್ತದೆ. ಸಣ್ಣ ಚಿತ್ರಕ್ಕೆ ಸಣ್ಣ ಮೌಂಟು ಎಂಬ ತರ್ಕ ತಪ್ಪು. ಅಂಗೈಯಗಲದ ಚಿತ್ರಕ್ಕೆ ಗೇಣಗಲದ ಮೌಂಟು ಕೊಟ್ಟು ನೋಡಿ, ಜನ ಹತ್ತಿರ ಬಂದು ಬಗ್ಗಿ ನೋಡುತ್ತಾರೆ. ಕೆಳಗಿನ ಬದಿಯನ್ನು ಉಳಿದ ಮೂರಕ್ಕಿಂತ ತುಸು ಹೆಚ್ಚು ಬಿಡುವುದು ರೂಢಿ, ಇಲ್ಲವಾದರೆ ಚಿತ್ರ ಕೆಳಗೆ ಜಾರುತ್ತಿರುವಂತೆ ತೋರುತ್ತದೆ.

ಲೆಕ್ಕವನ್ನು ಒಂದು ಉದಾಹರಣೆಯಿಂದ ತೋರಿಸುತ್ತೇನೆ. ಚಿತ್ರ 30 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರವಿದೆ. ಮೌಂಟಿನ ಕಿಂಡಿ ನಾಲ್ಕು ಕಡೆಯೂ 4 ಮಿ.ಮೀ.ನಷ್ಟು ಚಿತ್ರದ ಮೇಲೆ ಬರಬೇಕು. ಆಗ ಕಿಂಡಿ 29.2 ಮತ್ತು 39.2 ಸೆಂ.ಮೀ. ಆಗುತ್ತದೆ. ಮೂರು ಬದಿಗೆ 7, ಕೆಳಗೆ 8 ಸೆಂ.ಮೀ. ಬಿಟ್ಟರೆ ಮೌಂಟಿನ ಹೊರ ಅಳತೆ 43.2 ಮತ್ತು 54.2. ಕಾಗದ, ರಟ್ಟು ಮಳೆಗಾಲದಲ್ಲಿ ಹಿಗ್ಗುವುದರಿಂದ ಚೌಕಟ್ಟಿನ ಒಳಗಿನ ಕಚ್ಚಿನಲ್ಲಿ, ಅಂದರೆ ಗಾಜು, ಮೌಂಟು ಕೂರುವ ಕೊರಕಲಿನಲ್ಲಿ, 3 ಮಿ.ಮೀ. ಸಡಿಲ ಬೇಕೇ ಬೇಕು. ಹಾಗಾಗಿ ಕಚ್ಚಿನಿಂದ ಕಚ್ಚಿಗೆ 43.5 ಮತ್ತು 54.5. ಪಟ್ಟಿಯ ಅಗಲ 3 ಸೆಂ.ಮೀ., ಅದರ ಕಚ್ಚು 6 ಮಿ.ಮೀ. ಎಂದಾದರೆ ಪ್ರತಿ ತುಂಡಿನ ಎರಡೂ ತುದಿಗೆ 2.4 ಸೆಂ.ಮೀ. ಸೇರಬೇಕು. ಹೊರ ಉದ್ದ 48.3 ಸೆಂ.ಮೀ.ನ ಎರಡು, 59.3 ಸೆಂ.ಮೀ.ನ ಎರಡು ತುಂಡುಗಳು ಬೇಕಾಗುತ್ತವೆ, ಒಟ್ಟು 215.2 ಸೆಂ.ಮೀ. ಓರೆಗೊಯ್ತದಲ್ಲಿ ಹೋಗುವ ಮರವನ್ನೂ ಸೇರಿಸಿ ಎರಡೂವರೆ ಮೀಟರ್ ಪಟ್ಟಿ ಕೇಳಿದರೆ ಕೊರತೆಯಾಗದು. ಜೋಡಿಸಿದ ಮೇಲೆ ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಎರಡೂ ಕರ್ಣಗಳನ್ನು ಅಳೆಯಿರಿ. ಸಮವಾಗಿದ್ದರೆ ಚೌಕಟ್ಟು ನೆಟ್ಟಗಿದೆ.

ಚಿತ್ರವನ್ನು ಹಿಂದಿನ ಬೋರ್ಡಿಗೆ ಗೋಂದಿನಿಂದ ಪೂರ್ತಿ ಅಂಟಿಸುವುದನ್ನು, ಸೆಲ್ಲೊಟೇಪು ಹಾಕುವುದನ್ನು ಒಪ್ಪಲೇಬೇಡಿ. ಆಮ್ಲರಹಿತ ಕಾಗದವನ್ನು ಮಡಚಿ ಮಾಡಿದ ಸಣ್ಣ ಮೂಲೆಚೀಲಗಳಲ್ಲಿ ಚಿತ್ರದ ನಾಲ್ಕು ಮೂಲೆಗಳನ್ನು ತೂರಿಸಿ, ಚೀಲಗಳನ್ನು ಮಾತ್ರ ಬೋರ್ಡಿಗೆ ಅಂಟಿಸಿದರೆ ಚಿತ್ರಕ್ಕೆ ಒಂದು ಹನಿ ಗೋಂದೂ ತಾಗುವುದಿಲ್ಲ, ತೇವಕ್ಕೆ ಕಾಗದ ಹಿಗ್ಗಿದರೂ ಅಲೆಯಾಗಿ ಏಳುವುದಿಲ್ಲ.

ಹಿರಿಯರ ಭಾವಚಿತ್ರ

ಹಳೆಯ ಸ್ಟುಡಿಯೊ ಭಾವಚಿತ್ರಗಳಿಗೆ ಬೇರೆಯೇ ಎಚ್ಚರ ಬೇಕು. ಫೋಟೊ ಕಾಗದದ ಮೇಲಿನ ಪದರ ಜೆಲಟಿನ್ನಿನದು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಬಿಡದ ಮಳೆಯಲ್ಲಿ ಅದು ತೇವ ಹೀರಿ ಮೆತ್ತಗಾಗಿ ಎದುರಿನ ಗಾಜಿಗೆ ಅಂಟಿಕೊಳ್ಳುತ್ತದೆ, ಬೇಸಿಗೆಯಲ್ಲಿ ಒಣಗಿ ಅಲ್ಲೇ ಗಟ್ಟಿಯಾಗುತ್ತದೆ. ಮುಖದ ಮೇಲೆ ನೀರು ಚೆಲ್ಲಿದಂತೆ ಹೊಳೆಯುವ ಮಚ್ಚೆಗಳು ಕಂಡರೆ ಇದೇ ಆಗಿದೆ ಎಂದು ತಿಳಿಯಿರಿ. ಆಗ ಕೀಳಲು ಹೋಗಬಾರದು. ಮುಖವೇ ಗಾಜಿನೊಂದಿಗೆ ಕಿತ್ತು ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ ಪ್ರತಿ ಮುದ್ರಿಸಿಕೊಂಡು, ಮೂಲವನ್ನು ಹಾಗೆಯೇ ಒಣ ಕಪಾಟಿನಲ್ಲಿಡುವುದೇ ಕ್ಷೇಮ. ಇನ್ನೂ ಅಂಟದಿರುವ ಫೋಟೊಗಾದರೆ ಮೌಂಟು ಹಾಕಿಸಿ ಅಥವಾ ಅಂಚಿನಲ್ಲಿ ಗಾಜಿನಡಿ ಸಣ್ಣ ಪಟ್ಟಿಗಳನ್ನು ಇರಿಸಿ, ಗಾಜಿಗೂ ಫೋಟೊಗೂ ನಡುವೆ ಗಾಳಿಯಾಡುವಂತೆ ಮಾಡಬೇಕು. ಉಬ್ಬುಕೆಲಸದ ಮೇಲೆ ಚಿನ್ನದ ರೇಕು ಅಂಟಿಸಿದ ಮೈಸೂರು, ತಂಜಾವೂರು ಶೈಲಿಯ ಚಿತ್ರಗಳಿಗೂ ಇದು ಅಷ್ಟೇ ಅನ್ವಯಿಸುತ್ತದೆ, ತಂಜಾವೂರಿನದಕ್ಕೆ ಉಬ್ಬು ಹೆಚ್ಚಿರುವುದರಿಂದ ಅಂತರವೂ ಹೆಚ್ಚು ಬೇಕು.

ನೋಟದ ವಿಷಯಕ್ಕೆ ಬಂದರೆ, ಹಳೆಯ ಕಪ್ಪು-ಬಿಳುಪು ಫೋಟೊಗಳು ನಿಜವಾಗಿ ಕಪ್ಪು-ಬಿಳುಪಾಗಿ ಉಳಿದಿರುವುದಿಲ್ಲ. ಕುಪ್ಯದ ಕಪ್ಪು ಕಂದಿಗೆ ತಿರುಗಿರುತ್ತದೆ, ಕಾಗದ ಹಳದಿಯಾಗಿರುತ್ತದೆ. ಅದರ ಪಕ್ಕ ಅಚ್ಚ ಕಪ್ಪು ಪಟ್ಟಿಯನ್ನಿಟ್ಟರೆ ಕುಪ್ಯ ಮಾಸಿದಂತೆ ಕಾಣುತ್ತದೆ. ಕಡುಕಂದು ಪಟ್ಟಿ, ಕೆನೆಬಣ್ಣದ ಮೌಂಟು ಇದ್ದರೆ ಅದೇ ಕುಪ್ಯ ಮತ್ತೆ ಕಪ್ಪಾಗುತ್ತದೆ. ಚೇಲೆಯ ಮಡಿಕೆಗಳು, ಪೀಚೆಕತ್ತಿಯ ಬೆಳ್ಳಿ ಕೆಲಸ ಬಿಡಿಬಿಡಿಯಾಗಿ ಕಣ್ಣಿಗೆ ಬರುತ್ತವೆ. ಫೋಟೊದ ಕೆಳಗಿನ ರಟ್ಟಿನಲ್ಲಿ ಸ್ಟುಡಿಯೊದ ಹೆಸರು ಒತ್ತಿರುವುದುಂಟು, ಕೆಲವೊಮ್ಮೆ ಇಸವಿಯನ್ನೂ ಬರೆದಿರುತ್ತಾರೆ. ಮೌಂಟಿನ ಕಿಂಡಿಯನ್ನು ಅದರ ಕೆಳಗಿನವರೆಗೂ ಇಳಿಸಬೇಕು. ಒಕ್ಕದ, ಅಂದರೆ ಮನೆತನದ, ಇತಿಹಾಸ ಬರೆಯಲು ಹೊರಟವರಿಗೆ ಆ ಒಂದು ಸಾಲೇ ಎಷ್ಟೋ ಸಲ ಆಧಾರ.

ಮರ, ಗಾಜು, ಬೆನ್ನು

ಪಟ್ಟಿಗೆ ತೇಗ, ಹಲಸು ಒಳ್ಳೆಯವು. ತೋಟದ ಸಿಲ್ವರ್ ಮರದ ನಾರಿನ ವಿನ್ಯಾಸ ಬಹಳ ಚೆಲುವಾದರೂ ಸರಿಯಾಗಿ ಒಣಗಿಸದಿದ್ದರೆ ತಿರುಚಿಕೊಳ್ಳುತ್ತದೆ. ಬೀಟೆಯನ್ನು ಹಳೆಯ ಪೀಠೋಪಕರಣದ ಹಲಗೆಯಿಂದ ಮಾತ್ರ ತೆಗೆದುಕೊಳ್ಳಿ. ಮರ ತನ್ನ ಅಗಲದಲ್ಲಿ ಹಿಗ್ಗಿ ಕುಗ್ಗುವುದರಿಂದ ಅಗಲ ಪಟ್ಟಿಯ ಮೂಲೆಗಳೇ ಹೆಚ್ಚು ಬಾಯಿ ಬಿಡುತ್ತವೆ. ಕೊಡಗಿನಲ್ಲಿ ಕಿರಿದಾದ ಪಟ್ಟಿಗೆ ಇದೂ ಒಂದು ಕಾರಣ. ಫೈಬರ್ ಪಟ್ಟಿಗೆ ಹುಳು, ಬೂಷ್ಟು ಹಿಡಿಯುವುದಿಲ್ಲ ಎಂಬ ಲಾಭವಿದೆ, ಒಪ್ಪಬೇಕು. ಆದರೆ ಹೊಳಪಿಲ್ಲದ, ಕೆತ್ತನೆಯ ಅಚ್ಚಿಲ್ಲದ, ಸಾದಾ ಮೈಯ ಪಟ್ಟಿಯನ್ನೇ ಕೇಳಿ ಪಡೆಯಿರಿ. ಕೊಡವ ಸೀರೆಗೆ ಅಂಚು ಆರಿಸುವಾಗ ಮೈಯ ಬಣ್ಣವನ್ನು ನುಂಗುವ ಅಂಚನ್ನು ಯಾರೂ ಒಪ್ಪುವುದಿಲ್ಲ, ಚೌಕಟ್ಟಿನ ವಿಷಯದಲ್ಲಿ ಮಾತ್ರ ಏಕೋ ಆ ವಿವೇಕ ಕೈಕೊಡುತ್ತದೆ.

ಸಾಮಾನ್ಯ ಗಾಜು ತನ್ನ ಎರಡು ಮೈಗಳಿಂದ ಸೇರಿ ಬಿದ್ದ ಬೆಳಕಿನ ಸುಮಾರು ಶೇಕಡಾ 8ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ತಿಳಿಬಣ್ಣದ ಚಿತ್ರದಲ್ಲಿ ಇದು ಗೊತ್ತಾಗದು. ಕುಪ್ಯ ತೊಟ್ಟ ಹಿರಿಯರ ಕಪ್ಪು ಭಾವಚಿತ್ರದ ಎದುರು ಕಿಟಕಿಯಿದ್ದರೆ ಮಾತ್ರ ಅಜ್ಜನ ಎದೆಯ ಮೇಲೆ ನಮ್ಮದೇ ಮುಖ ಕಾಣುತ್ತದೆ. ಪ್ರತಿಫಲನ ತಡೆಯುವ ಲೇಪದ ಗಾಜು ಇದನ್ನು ಶೇಕಡಾ 1ರ ಆಸುಪಾಸಿಗೆ ಇಳಿಸುತ್ತದೆ, ಬೆಲೆ ಹೆಚ್ಚು. ಮೈಯನ್ನು ಉಜ್ಜಿ ಮಂದಗೊಳಿಸಿದ ಅಗ್ಗದ ಗಾಜು ಬೇಡ. ಮೌಂಟಿನ ಅಂತರದಾಚೆ ಅದು ಚಿತ್ರವನ್ನೇ ಮಸುಕಾಗಿಸುತ್ತದೆ. ಅಕ್ರಿಲಿಕ್ ಹಗುರ, ಒಡೆಯುವುದಿಲ್ಲ, ಆದರೆ ಇದ್ದಿಲು ಮತ್ತು ಪೇಸ್ಟಲ್ ಚಿತ್ರಗಳ ಪುಡಿಯನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ತೈಲಚಿತ್ರಕ್ಕೆ ಸಾಮಾನ್ಯವಾಗಿ ಗಾಜು ಬೇಕಿಲ್ಲ, ಬೆನ್ನಿಗೆ ಹೊದಿಕೆ ಬೇಕು.

ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಸುರಿಯುವ ಮಡಿಕೇರಿಯಂಥ ಊರಿನಲ್ಲಿ ಚೌಕಟ್ಟಿನ ಮುಖಕ್ಕಿಂತ ಬೆನ್ನಿಗೆ ಹೆಚ್ಚು ಗಮನ ಕೊಡಬೇಕು. ಗಾಳಿಯ ತೇವಾಂಶ ಶೇಕಡಾ 65-70ನ್ನು ಮೀರಿ ದಿನಗಟ್ಟಲೆ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಇಲ್ಲಿನ ಮಳೆಗಾಲದಲ್ಲಿ ಅದು ತಿಂಗಳುಗಟ್ಟಲೆ ನಿಲ್ಲುತ್ತದೆ. ಬೆನ್ನಿಗೆ ಹಾರ್ಡ್‌ಬೋರ್ಡ್ ಒಂದನ್ನೇ ಹೊಡೆಸುವ ಬದಲು, ಚಿತ್ರದ ಹಿಂದೆ ಆಮ್ಲರಹಿತ ಬೋರ್ಡು, ಅದರ ಹಿಂದೆ ಚುನಾವಣೆಯ ಫಲಕಗಳಿಗೆ ಬಳಸುವಂಥ ಕೊಳವೆಗೆರೆಗಳ ಪ್ಲಾಸ್ಟಿಕ್ ಹಾಳೆ ಇರಿಸಿ, ಅಂಚಿನ ಸಂದುಗಳನ್ನು ಕಾಗದದ ಟೇಪಿನಿಂದ ಮುಚ್ಚಿಸಿ. ಮುಚ್ಚುವ ಕಾಲವೂ ಮುಖ್ಯ. ಜುಲೈನಲ್ಲಿ ಕಟ್ಟು ಹಾಕಿಸಿದರೆ ರಟ್ಟು ಹೀರಿಕೊಂಡ ತೇವವನ್ನು ಒಳಗಿಟ್ಟು ಬೀಗ ಹಾಕಿದಂತೆಯೇ ಸರಿ. ಕಾಫಿ ಕೊಯ್ಲು ಮುಗಿದು ಹೂಮಳೆ ಬೀಳುವ ಮೊದಲು, ಎಲ್ಲವೂ ಒಣಗಿರುವ ದಿನಗಳಲ್ಲಿ ಈ ಕೆಲಸ ಮಾಡಿಸುವುದು ಉತ್ತಮ. ಕೈಯಲ್ಲಿ ನಾಲ್ಕು ಕಾಸು ಇರುವುದೂ ಆಗಲೇ.

ಗೋಡೆಯ ಮೇಲೆ

ಮಳೆಗಾಳಿ ಬಡಿಯುವ ಹೊರಗೋಡೆಗೆ ಚಿತ್ರ ತೂಗುಹಾಕಬೇಡಿ, ಒಳಗೋಡೆಯನ್ನೇ ಆರಿಸಿ. ಚೌಕಟ್ಟಿನ ಕೆಳಗಿನ ಎರಡು ಮೂಲೆಗಳ ಹಿಂಬದಿಗೆ ಒಂದು ಸೆಂಟಿಮೀಟರ್ ದಪ್ಪದ ಬಿರಡೆಯ ತುಂಡುಗಳನ್ನು ಅಂಟಿಸಿದರೆ ಬೆನ್ನ ಹಿಂದೆ ಗಾಳಿಯಾಡುತ್ತದೆ, ಪಟವೂ ವಾಲುವುದಿಲ್ಲ. ಅಡುಗೆಮನೆಯ ಒಲೆಯ ಹೊಗೆ, ಬಿಸಿಲು ನೇರವಾಗಿ ಬೀಳುವ ಜಾಗ ಎರಡೂ ಬೇಡ. ಸಂಗ್ರಹಾಲಯಗಳಲ್ಲಿ ಜಲವರ್ಣ ಮತ್ತು ಹಳೆಯ ಫೋಟೊಗಳಿಗೆ 50 ಲಕ್ಸ್ (ಬೀಳುವ ಬೆಳಕಿನ ಅಳತೆ), ತೈಲಚಿತ್ರಗಳಿಗೆ 200 ಲಕ್ಸ್ ಬೆಳಕನ್ನು ಮಿತಿಯಾಗಿ ಇಟ್ಟುಕೊಳ್ಳುತ್ತಾರೆ; ಮನೆಯಲ್ಲಿ ಅಷ್ಟು ಕಟ್ಟುನಿಟ್ಟು ಸಾಧ್ಯವಿಲ್ಲದಿದ್ದರೂ ಜಲವರ್ಣವನ್ನು ಕಿಟಕಿಯ ಎದುರಿಗಿಂತ ಕಿಟಕಿಯ ಪಕ್ಕದ ಗೋಡೆಗೆ ಹಾಕಬಹುದು.

ಎತ್ತರದ ವಿಷಯದಲ್ಲಿ ಚಿತ್ರಶಾಲೆಗಳ ರೂಢಿ ಸರಿಯಾಗಿದೆ: ಚಿತ್ರದ ನಡುಭಾಗ ನೆಲದಿಂದ ಸುಮಾರು 145ರಿಂದ 150 ಸೆಂ.ಮೀ. ಎತ್ತರಕ್ಕೆ ಬರಬೇಕು. ಹಿರಿಯರ ಪಟಗಳನ್ನು ಬಾಗಿಲ ನೆತ್ತಿಯ ಮೇಲೆ ಹಾಕುವ ವಾಡಿಕೆಯನ್ನು ಬಿಡಬೇಕೆಂದು ನಾನು ಹೇಳಲಾರೆ, ಅಲ್ಲಿ ಎತ್ತರವೇ ಮರ್ಯಾದೆ. ಹಾಗೆ ಹಾಕುವಾಗ ಹಳೆಯ ಕ್ರಮವನ್ನು ಮಾತ್ರ ಮರೆಯಬಾರದು: ಮೇಲಿನ ಹಗ್ಗವನ್ನು ತುಸು ಉದ್ದ ಬಿಟ್ಟು ಪಟವನ್ನು ಮುಂದಕ್ಕೆ ಬಾಗಿಸುತ್ತಿದ್ದರು. ಆಗ ಮುಖ ನೋಡುವವರ ಕಡೆ ತಿರುಗುತ್ತದೆ, ಕಿಟಕಿಯ ಬೆಳಕು ಗಾಜಿನಿಂದ ನೆಲಕ್ಕೆ ಜಾರುತ್ತದೆ. ನಿಂತು ನೋಡಬೇಕಾದ ಚಿತ್ರವನ್ನು ಆ ಸಾಲಿಗೆ ಸೇರಿಸದೆ ಕಣ್ಣಿನ ಮಟ್ಟಕ್ಕೆ ಇಳಿಸಿ, ಸುತ್ತ ಖಾಲಿ ಗೋಡೆ ಬಿಡಿ. ಗೋಡೆಯೂ ಚೌಕಟ್ಟಿನ ಮುಂದುವರಿಕೆಯೇ. ಕ್ಯಾಲೆಂಡರ್, ಗಡಿಯಾರ, ಸ್ವಿಚ್ ಬೋರ್ಡುಗಳ ನಡುವೆ ಸಿಕ್ಕಿಕೊಂಡ ಚಿತ್ರಕ್ಕೆ ಎಂಥ ಮೌಂಟು ಕೊಟ್ಟರೂ ವ್ಯರ್ಥ.

ಮಳೆ ಹಿಂದೆಗೆದ ಮೇಲೆ, ಸುಗ್ಗಿಹಬ್ಬವಾದ ಪುತ್ತರಿಗೆ ಮುಂಚೆ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಪಟಗಳನ್ನು ಹೇಗೂ ಇಳಿಸುತ್ತೀರಿ. ಆಗ ಬೆನ್ನು ತಿರುಗಿಸಿ, ಟೇಪು ಬಿಟ್ಟಿದೆಯೇ, ಪಟ್ಟಿಯಲ್ಲಿ ಸೂಜಿಮೊನೆಯಷ್ಟು ತೂತುಗಳಿವೆಯೇ, ಹಿಟ್ಟಿನಂಥ ಮರದ ಪುಡಿ ಉದುರುತ್ತಿದೆಯೇ, ಮೌಂಟಿನ ಮೂಲೆಯಲ್ಲಿ ಕಂದು ಚುಕ್ಕೆಗಳು ಎದ್ದಿವೆಯೇ ಎಂದು ನೋಡಿ. ತೂತು, ಪುಡಿ ಕಂಡ ಪಟವನ್ನು ಉಳಿದವುಗಳಿಂದ ಕೂಡಲೇ ಬೇರೆಯಿಡಬೇಕು, ಚುಕ್ಕೆ ಎದ್ದ ಮೌಂಟನ್ನು ಬದಲಾಯಿಸಬೇಕು. ಬಣ್ಣ ಬಳಿದ ಗೋಡೆ ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗಿನ ತೇವ ಆರಲು ಎರಡು ವಾರವಾದರೂ ಬೇಕು. ಅಲ್ಲಿಯವರೆಗೆ ಪಟಗಳನ್ನು ನೆಲದ ಮೇಲಲ್ಲದೆ, ಮಂಚದ ಮೇಲೆ ಮುಖಕ್ಕೆ ಮುಖ ಮಾಡಿ, ನಡುವೆ ಬಟ್ಟೆ ಹಾಕಿ ನಿಲ್ಲಿಸಿಡಿ.